ನಾನೂರು ಕಿಲೋಮೀಟರ್ ಮೇಲೆ ಸಿಡಿದ ಬಾಂಬು, ಹೊನೊಲುಲುವಿನಲ್ಲಿ ಆರಿದ ಬೀದಿದೀಪ

1962ರ ಜುಲೈ 8, ರಾತ್ರಿ ಹನ್ನೊಂದು ಗಂಟೆ. ಹವಾಯಿಯ ಹೊನೊಲುಲು ನಗರದಲ್ಲಿ ಜನ ಹೋಟೆಲುಗಳ ತಾರಸಿ ಹತ್ತಿ ಆಕಾಶ ನೋಡುತ್ತ ನಿಂತಿದ್ದರು. ಅಮೆರಿಕದ ಸೇನೆ ಬಾಹ್ಯಾಕಾಶದಲ್ಲಿ ಅಣುಬಾಂಬ್ ಸಿಡಿಸಲಿದೆ ಎಂಬ ಸುದ್ದಿ ಮೊದಲೇ ಹೊರಬಿದ್ದಿತ್ತು. ಆ ಬೆಳಕು ನೋಡಲೆಂದೇ ಕೆಲವು ಹೋಟೆಲುಗಳು ತಾರಸಿಯ ಮೇಲೆ ಔತಣಕೂಟ ಇಟ್ಟುಕೊಂಡಿದ್ದವು. ಅಲ್ಲಿಂದ ಸುಮಾರು 1,450 ಕಿ.ಮೀ. ದೂರದ ಜಾನ್‌ಸ್ಟನ್ ದ್ವೀಪದಿಂದ ಥಾರ್ ಎಂಬ ಕ್ಷಿಪಣಿ 1.4 ಮೆಗಾಟನ್ನಿನ ಬಾಂಬನ್ನು ಹೊತ್ತು ಮೇಲೇರಿತ್ತು. 400 ಕಿ.ಮೀ. ಎತ್ತರದಲ್ಲಿ ಅದು ಸಿಡಿಯಿತು. ಹಿರೋಷಿಮಾದ ಮೇಲೆ ಬಿದ್ದದ್ದಕ್ಕಿಂತ ತೊಂಬತ್ತು ಪಟ್ಟಿಗೂ ದೊಡ್ಡ ಸ್ಫೋಟ. ಆಕಾಶ ಒಮ್ಮೆ ಬೆಳ್ಳಗಾಗಿ, ಆಮೇಲೆ ಹಸಿರು, ಹಳದಿ, ಕೆಂಪು ಬಣ್ಣಗಳು ನಿಮಿಷಗಟ್ಟಲೆ ಹರಡಿಕೊಂಡವು. ಸದ್ದು ಮಾತ್ರ ಇಲ್ಲ. ಅಷ್ಟು ಎತ್ತರದಲ್ಲಿ ಸದ್ದನ್ನು ಹೊತ್ತು ತರುವ ಗಾಳಿಯೇ ಇಲ್ಲವಲ್ಲ.

ಅದೇ ಗಳಿಗೆಯಲ್ಲಿ ಊರಿನೊಳಗೆ ಬೇರೆಯದೇ ನಡೆಯಿತು. ಹೊನೊಲುಲು ಇರುವ ಒವಾಹು ದ್ವೀಪದಲ್ಲಿ ಬೀದಿದೀಪಗಳ ಸುಮಾರು ಮೂವತ್ತು ಸಾಲುಗಳು, ಹತ್ತಿರಹತ್ತಿರ ಮುನ್ನೂರು ದೀಪಗಳು, ಒಟ್ಟಿಗೇ ಆರಿದವು. ಅಂಗಡಿಗಳ ಕಳ್ಳಗಂಟೆಗಳು ತಾವಾಗಿಯೇ ಬಡಿದುಕೊಂಡವು. ಕವಾಯಿ ದ್ವೀಪಕ್ಕೆ ಫೋನ್ ಮಾತು ಸಾಗಿಸುತ್ತಿದ್ದ ಮೈಕ್ರೋವೇವ್ ಸಂಪರ್ಕ ಕಡಿಯಿತು. ಮರುದಿನ ಬೀದಿದೀಪಗಳನ್ನು ಪರಿಶೀಲಿಸಿದಾಗ ಬಲ್ಬುಗಳೆಲ್ಲ ಸರಿಯಿದ್ದವು, ಹೋಗಿದ್ದದ್ದು ಫ್ಯೂಸು.

ಈ ಪ್ರಯೋಗಕ್ಕೆ ಇಟ್ಟ ಹೆಸರು ಸ್ಟಾರ್‌ಫಿಶ್ ಪ್ರೈಮ್. ಅಣುಸ್ಫೋಟದ ವಿದ್ಯುತ್ಕಾಂತೀಯ ಸ್ಪಂದ, ಚಿಕ್ಕದಾಗಿ ಇಎಂಪಿ, ಊರಿನ ಜನರ ಅನುಭವಕ್ಕೆ ಬಂದ ಪ್ರಸಿದ್ಧ ನಿದರ್ಶನ ಇದೇ. ಈಗಲೂ ಇಎಂಪಿಯ ಮಾತು ಬಂದರೆ ಸಾಕು, ಒಂದು ಬಾಂಬು ಸಿಡಿದರೆ ದೇಶದ ಫೋನು, ಕಾರು, ಕರೆಂಟು ಎಲ್ಲವೂ ಒಂದೇ ಸಲಕ್ಕೆ ಸತ್ತುಹೋಗುತ್ತವೆ ಎಂಬ ವಿವರಣೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದರಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಯಾವ ಅರ್ಧ ಯಾವುದು ಎಂದು ತಿಳಿಯಬೇಕಾದರೆ 1,450 ಕಿ.ಮೀ. ಆಚೆಯ ಫ್ಯೂಸನ್ನು ಸುಟ್ಟದ್ದು ಏನು ಎಂಬಲ್ಲಿಂದಲೇ ಹೊರಡಬೇಕು. ಬಾಂಬು ಅಲ್ಲಿಗೆ ನೇರವಾಗಿ ಕರೆಂಟು ಕಳಿಸಲಿಲ್ಲ. ಅದು ಕಳಿಸಿದ್ದು ಗಾಮಾ ಕಿರಣ. ಅದನ್ನು ರೇಡಿಯೋ ಅಲೆಯಾಗಿ ಪರಿವರ್ತಿಸಿದ್ದು ನಮ್ಮ ವಾತಾವರಣ ಮತ್ತು ಭೂಮಿಯ ಕಾಂತಕ್ಷೇತ್ರ. ಆ ಅಲೆಯನ್ನು ಹಿಡಿದು ಒಳಗೆ ಕರೆದುಕೊಂಡದ್ದು ನಾವೇ ಎಳೆದಿಟ್ಟ ತಂತಿ.

ಗಾಳಿಯೇ ಆಂಟೆನಾ ಆಗುವ ಬಗೆ

ಅಣುಸ್ಫೋಟದ ಮೊದಲ ಕ್ಷಣದಲ್ಲೇ, ಬೆಂಕಿಯುಂಡೆ ರೂಪುಗೊಳ್ಳುವುದಕ್ಕೂ ಮುಂಚೆ, ಗಾಮಾ ಕಿರಣಗಳು ಹೊರಬೀಳುತ್ತವೆ. ಸ್ಫೋಟದ ಒಟ್ಟು ಶಕ್ತಿಯಲ್ಲಿ ಇವುಗಳ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಅವು ಬರುವ ಅವಧಿ ತೀರಾ ಚಿಕ್ಕದು, ಹತ್ತಾರು ನ್ಯಾನೊಸೆಕೆಂಡು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವ ದೂರ 30 ಸೆಂಟಿಮೀಟರ್, ಸರಿಸುಮಾರು ಶಾಲೆಯ ಅಡಿಪಟ್ಟಿಯಷ್ಟು. ಹಾಗಾಗಿ ಈ ಗಾಮಾ ಕಿರಣಗಳು ಕೆಲವೇ ಮೀಟರ್ ದಪ್ಪದ ತೆಳು ಚಿಪ್ಪಿನಂತೆ, ಬೆಳಕಿನ ವೇಗದಲ್ಲಿ, ಎಲ್ಲ ದಿಕ್ಕಿಗೂ ಹಿಗ್ಗುತ್ತ ಹೋಗುತ್ತವೆ.

400 ಕಿ.ಮೀ. ಎತ್ತರದಿಂದ ಕೆಳಗಿಳಿಯುವಾಗ ಬಹಳ ದೂರ ಅವುಗಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ನೆಲದಿಂದ ನಲವತ್ತು ಕಿ.ಮೀ. ಎತ್ತರಕ್ಕೆ ಬಂದಾಗ ಗಾಳಿ ದಟ್ಟವಾಗತೊಡಗುತ್ತದೆ. ಇಪ್ಪತ್ತು ಕಿ.ಮೀ. ತಲುಪುವಷ್ಟರಲ್ಲಿ ಗಾಮಾ ಕಿರಣಗಳ ಬಹುಪಾಲು ಗಾಳಿಯ ಅಣುಗಳಿಗೆ ಬಡಿದು ಮುಗಿದಿರುತ್ತದೆ. ಬಡಿದಾಗ ಆಗುವುದನ್ನು ಆರ್ಥರ್ ಕಾಂಪ್ಟನ್ 1923ರಲ್ಲೇ ವಿವರಿಸಿ, 1927ರಲ್ಲಿ ನೊಬೆಲ್ ಪಡೆದಿದ್ದರು: ಗಾಮಾ ಕಿರಣ ಎಲೆಕ್ಟ್ರಾನೊಂದನ್ನು ಅದರ ಪರಮಾಣುವಿನಿಂದ ಕಿತ್ತು ಮುಂದಕ್ಕೆ ಎಸೆಯುತ್ತದೆ. ಹೀಗೆ ಎಸೆಯಲ್ಪಟ್ಟ ಎಲೆಕ್ಟ್ರಾನ್ ಬೆಳಕಿನ ವೇಗದ ನೂರಕ್ಕೆ ತೊಂಬತ್ತು ಪಾಲಿನಷ್ಟು ವೇಗದಲ್ಲಿ ಓಡುತ್ತದೆ. ನೂರಾರು ಮೀಟರಿನೊಳಗೆ ಗಾಳಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ.

ನಿಲ್ಲುವ ಮೊದಲು ಅದಕ್ಕೆ ಇನ್ನೊಂದು ಆಗುತ್ತದೆ. ಭೂಮಿಯ ಕಾಂತಕ್ಷೇತ್ರದಲ್ಲಿ ಓಡುವ ಎಲೆಕ್ಟ್ರಾನು ನೆಟ್ಟಗೆ ಓಡಲಾರದು, ಪಕ್ಕಕ್ಕೆ ಬಾಗುತ್ತದೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಅದೇ ದುರ್ಬಲ ಕ್ಷೇತ್ರ ಈ ಎಲೆಕ್ಟ್ರಾನನ್ನು ನೂರು ಮೀಟರಿನ ಆಸುಪಾಸಿನ ತ್ರಿಜ್ಯದಲ್ಲಿ ತಿರುಗಿಸುತ್ತದೆ. ಬಾಗಿ ಓಡುವ ಎಲೆಕ್ಟ್ರಾನ್ ಎಂದರೆ ಅಡ್ಡಲಾಗಿ ಹರಿಯುವ ಕರೆಂಟು. ಹಠಾತ್ತನೆ ಹುಟ್ಟಿ ಹಠಾತ್ತನೆ ಸಾಯುವ ಕರೆಂಟು ರೇಡಿಯೋ ಅಲೆಯನ್ನು ಹೊಮ್ಮಿಸುತ್ತದೆ. ಆಕಾಶವಾಣಿಯ ಗೋಪುರದಲ್ಲಿ ನಡೆಯುವುದೂ ಇದೇ. ಅಲ್ಲಿ ಕರೆಂಟು ಉಕ್ಕಿನ ಗೋಪುರದಲ್ಲಿ ಹರಿಯುತ್ತದೆ, ಇಲ್ಲಿ ಸಾವಿರಾರು ಕಿ.ಮೀ. ಅಗಲದ ಗಾಳಿಯ ಹಾಸಿನಲ್ಲಿ.

ಇದರ ನಿಜವಾದ ಬಲ ಇರುವುದು ತಾಳ ಕೂಡುವುದರಲ್ಲಿ. ಡೊಳ್ಳುಕುಣಿತದಲ್ಲಿ ಇಪ್ಪತ್ತು ಜನ ಒಬ್ಬೊಬ್ಬರಾಗಿ ಬಾರಿಸಿದರೆ ಬರೀ ಗದ್ದಲ, ಒಂದೇ ಪೆಟ್ಟಿಗೆ ಬಿದ್ದರೆ ಎದೆ ನಡುಗುತ್ತದೆ. ಗಾಮಾ ಚಿಪ್ಪು ಬೆಳಕಿನ ವೇಗದಲ್ಲಿ ಕೆಳಗಿಳಿಯುತ್ತ ದಾರಿಯುದ್ದಕ್ಕೂ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅವು ಹೊಮ್ಮಿಸುವ ಅಲೆಯೂ ಬೆಳಕಿನ ವೇಗದಲ್ಲೇ ಕೆಳಗಿಳಿಯುತ್ತದೆ. ಮೇಲಿನ ಪದರದ ಅಲೆ ಕೆಳಗಿನ ಪದರಕ್ಕೆ ಬರುವ ಹೊತ್ತಿಗೇ ಅಲ್ಲಿನ ಎಲೆಕ್ಟ್ರಾನುಗಳೂ ಏಳುತ್ತವೆ. ಹೀಗೆ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳ ಸಣ್ಣ ಸಣ್ಣ ಅಲೆಗಳು ಒಂದರ ಮೇಲೊಂದು ಸರಿಯಾಗಿ ಕುಳಿತು ಒಂದೇ ಪೆಟ್ಟಾಗಿ ನೆಲ ತಲುಪುತ್ತವೆ.

ಸ್ಟಾರ್‌ಫಿಶ್ ನಡೆಸಿದವರಿಗೆ ಈ ಪೆಟ್ಟಿನ ಅಂದಾಜು ಸರಿಯಾಗಿ ಸಿಕ್ಕಿರಲಿಲ್ಲ. ಅಲೆ ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಬಂದು, ಅಳೆಯಲು ಇಟ್ಟಿದ್ದ ಹಲವು ಉಪಕರಣಗಳ ಮಾಪನದ ಮಿತಿಯನ್ನೇ ಮೀರಿತು. ಭೂಮಿಯ ಕಾಂತಕ್ಷೇತ್ರದ ಈ ಪಾತ್ರವನ್ನು ಲಾಸ್ ಅಲಮೋಸ್ ಪ್ರಯೋಗಾಲಯದ ಕಾನ್ರಾಡ್ ಲಾಂಗ್‌ಮಯರ್ ಸರಿಯಾಗಿ ಲೆಕ್ಕಹಾಕಿ ತೋರಿಸಿದ್ದು ಪ್ರಯೋಗ ಮುಗಿದ ಮೇಲೆ. ಮೊದಲು ಸಿಡಿಸಿ ಆಮೇಲೆ ಅರ್ಥ ಮಾಡಿಕೊಂಡರು ಎನ್ನುವುದು ನನ್ನನ್ನು ಈಗಲೂ ಕಂಗೆಡಿಸುತ್ತದೆ. ಅಮೆರಿಕದ ಉತ್ತಮ ಭೌತವಿಜ್ಞಾನಿಗಳೇ ಇದ್ದ ತಂಡ ಅದು.

ಹಾಗಾದರೆ ಹಿರೋಷಿಮಾದಲ್ಲಿ ಇದೇಕೆ ಕಾಣಲಿಲ್ಲ? ಅಲ್ಲಿ ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ, ದಟ್ಟ ಗಾಳಿಯಲ್ಲಿ. ಗಾಮಾ ಕಿರಣಗಳು ಹೆಚ್ಚು ದೂರ ಹೋಗದೆ ಅಲ್ಲೇ ಹೀರಿಹೋದವು. ಎಲೆಕ್ಟ್ರಾನುಗಳು ಎಲ್ಲ ದಿಕ್ಕಿಗೂ ಹೆಚ್ಚೂಕಡಿಮೆ ಸಮನಾಗಿ ಚಿಮ್ಮಿದ್ದರಿಂದ ಒಂದರ ಪರಿಣಾಮವನ್ನು ಎದುರಿನದು ಬಹುಮಟ್ಟಿಗೆ ಅಳಿಸಿತು. ನೆಲದ ಮೇಲೆಯೇ ಸಿಡಿಸಿದರೆ ಈ ಸಮತೋಲ ಕೆಡುತ್ತದೆ, ಏಕೆಂದರೆ ಕೆಳಗಿನ ಅರ್ಧವನ್ನು ಮಣ್ಣು ನುಂಗುತ್ತದೆ. ಆಗ ಬಲವಾದ ಸ್ಪಂದ ಹುಟ್ಟುತ್ತದೆ, ಆದರೆ ಅದರ ಮುಖ್ಯ ಹಾವಳಿ ಕೆಲವು ಕಿಲೋಮೀಟರಿನೊಳಗೆ, ಬಾಂಬಿನ ಬಿಸಿ ಮತ್ತು ಹೊಡೆತ ಹೇಗೂ ಉಳಿಸದ ಜಾಗದಲ್ಲಿ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದಲ್ಲಿ ನಡೆದ ಮೊತ್ತಮೊದಲ ಪರೀಕ್ಷೆಯಲ್ಲೇ ಎನ್ರಿಕೊ ಫರ್ಮಿ ಇಂಥದ್ದನ್ನು ನಿರೀಕ್ಷಿಸಿದ್ದರು. ಅಳತೆಯ ಕೇಬಲುಗಳಿಗೆಲ್ಲ ಲೋಹದ ಕವಚ, ಹಲವೆಡೆ ಎರಡೆರಡು ಕವಚ ಹಾಕಿಸಿದ್ದರು. ಅಷ್ಟಾದರೂ ಹಲವು ದಾಖಲೆಗಳು ಆ ವಿದ್ಯುತ್ ಗದ್ದಲದಲ್ಲಿ ಕಳೆದುಹೋದವು.

ಎತ್ತರ ಹೆಚ್ಚಿದಷ್ಟೂ ದಿಗಂತ ದೂರವಾಗುತ್ತದೆ. 400 ಕಿ.ಮೀ. ಮೇಲಿನಿಂದ ನೋಡಿದರೆ ಸುತ್ತಲೂ 2,200 ಕಿ.ಮೀ. ಕಾಣುತ್ತದೆ. ಬೆಂಗಳೂರಿನ ನೆತ್ತಿಯ ಮೇಲೆ ಅಷ್ಟು ಎತ್ತರದಲ್ಲಿ ನಿಂತವರಿಗೆ ದೆಹಲಿಯೂ ಕೋಲ್ಕತ್ತವೂ ಕಣ್ಣಳತೆಯೊಳಗೇ ಬರುತ್ತವೆ. ಗಾಮಾ ಕಿರಣಕ್ಕೆ ಎಲ್ಲಿಯವರೆಗೆ ನೇರ ನೋಟವಿದೆಯೋ ಅಲ್ಲಿಯವರೆಗೆ ಈ ಸ್ಪಂದವೂ ಹರಡುತ್ತದೆ. ಆದರೆ ಎಲ್ಲೆಡೆ ಒಂದೇ ಬಲದಲ್ಲಲ್ಲ. ಕಾಂತರೇಖೆಯ ಜೊತೆಜೊತೆಗೇ ಓಡುವ ಎಲೆಕ್ಟ್ರಾನು ಬಾಗುವುದಿಲ್ಲ, ಅಡ್ಡ ಹಾಯುವುದು ಬಾಗುತ್ತದೆ. ಭೂಮಿಯ ಕಾಂತ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾಯುತ್ತದೆ. ಕೇರಳದ ತುಂಬಾ ಎಂಬ ಊರಿನಲ್ಲಿ 1963ರಲ್ಲಿ ರಾಕೆಟ್ ಉಡಾವಣೆ ಶುರುಮಾಡಿದ್ದೂ ಆ ಕಾರಣಕ್ಕೇ. ಅಲ್ಲಿ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಹೀಗಾಗಿ ನಮ್ಮ ಕಡೆ ಅತಿ ಬಲವಾದ ಪೆಟ್ಟು ಸ್ಫೋಟದ ಬುಡದ ಸುತ್ತಮುತ್ತಲೇ ಬೀಳಬೇಕು. ಉತ್ತರದ ದೇಶಗಳಲ್ಲಿ ರೇಖೆಗಳು ಓರೆಯಾಗಿ ನೆಲಕ್ಕೆ ಇಳಿಯುವುದರಿಂದ ಅದು ಬುಡದಿಂದ ದಕ್ಷಿಣಕ್ಕೆ ಜಾರುತ್ತದೆ. ಕ್ಷೇತ್ರದ ಬಲವೂ ಬೇರೆ ಬೇರೆ: ಹವಾಯಿಯ ಬಳಿ 35 ಮೈಕ್ರೋಟೆಸ್ಲಾದ ಆಸುಪಾಸು, ಕರ್ನಾಟಕದಲ್ಲಿ 40ರ ಆಸುಪಾಸು, ಕಜಕಸ್ತಾನದಲ್ಲಿ 55ರ ಆಸುಪಾಸು.

ಬಾಂಬು ದೊಡ್ಡದಾದಷ್ಟೂ ಸ್ಪಂದ ದೊಡ್ಡದು ಎಂಬ ನಂಬಿಕೆಯನ್ನೂ ಇಲ್ಲೇ ತಿದ್ದಿಕೊಳ್ಳಬೇಕು. ಓಡುವ ಪ್ರತಿ ಎಲೆಕ್ಟ್ರಾನು ನಿಲ್ಲುವ ಮೊದಲು ಗಾಳಿಯಲ್ಲಿ ಇನ್ನೂ ಸುಮಾರು 30,000 ಎಲೆಕ್ಟ್ರಾನುಗಳನ್ನು ಕಳಚಿಹಾಕುತ್ತದೆ. ಹೀಗೆ ಕಳಚಿದವು ಗಾಳಿಯನ್ನು ವಿದ್ಯುತ್ ವಾಹಕವಾಗಿಸಿ ಸ್ಪಂದವನ್ನು ತಾವೇ ಹೀರತೊಡಗುತ್ತವೆ. ಆದ್ದರಿಂದ ನೆಲದ ಮೇಲಿನ ಬಲ ಒಂದು ಹಂತ ದಾಟಿ ಏರುವುದು ಕಷ್ಟ. ರಕ್ಷಣೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವ ಗರಿಷ್ಠ ಪ್ರಮಾಣ ಮೀಟರಿಗೆ 50,000 ವೋಲ್ಟ್. ಹೊನೊಲುಲುವಿಗೆ ಅಂದು ತಲುಪಿದ್ದು ಮೀಟರಿಗೆ ಐದಾರು ಸಾವಿರ ವೋಲ್ಟ್ ಎಂದು ಆಮೇಲಿನ ಲೆಕ್ಕ ಹೇಳುತ್ತದೆ.

ಮೂರು ಪೆಟ್ಟು

ಇದುವರೆಗೆ ಹೇಳಿದ್ದು ಮೊದಲ ಪೆಟ್ಟು ಮಾತ್ರ. ಎಂಜಿನಿಯರುಗಳು ಇದನ್ನು ಇ-1 ಎನ್ನುತ್ತಾರೆ. ಕೆಲವೇ ನ್ಯಾನೊಸೆಕೆಂಡಿನಲ್ಲಿ ಏರಿ, ಕಣ್ಣೆವೆ ಮಿಟುಕಿಸುವುದರ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಮನುಷ್ಯನ ಮೈಯನ್ನು ಹಾದುಹೋದರೂ ಗೊತ್ತಾಗದು. ಟ್ರಾನ್ಸಿಸ್ಟರು, ಎಲೆಕ್ಟ್ರಾನಿಕ್ ಚಿಪ್, ರಿಲೇಗಳ ಒಳಗಿನ ಸೂಕ್ಷ್ಮ ಪದರಗಳಿಗೆ ಮಾತ್ರ ಅಪಾಯ. 1962ರ ರೇಡಿಯೋಗಳಲ್ಲಿದ್ದ ವ್ಯಾಕ್ಯೂಮ್ ಟ್ಯೂಬುಗಳು ಇಂಥ ಪೆಟ್ಟನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತಿದ್ದವು. ಇಂದಿನ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಆ ಗಟ್ಟಿತನ ಇಲ್ಲ.

ಎರಡನೆಯ ಪೆಟ್ಟು, ಇ-2, ನಮಗೆ ಪರಿಚಿತವಾದದ್ದು. ಮೈಕ್ರೋಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಹರಡಿಕೊಳ್ಳುವ ಇದರ ಗುಣ ಸಿಡಿಲನ್ನು ಹೋಲುತ್ತದೆ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಗುಡುಗು ಕೇಳಿದ ಕೂಡಲೇ ಟಿ.ವಿ. ಪ್ಲಗ್ಗು ಕಿತ್ತು, ಫೋನಿನ ತಂತಿ ಕಳಚಿಡುವವರು ಎಲ್ಲ ಮನೆಗಳಲ್ಲೂ ಇದ್ದರು. ದೂರದಲ್ಲಿ ಮಿಂಚಿದರೂ ಫೋನು ತಾನಾಗಿ ಒಮ್ಮೆ ಟಿಣ್ ಎನ್ನುತ್ತಿದ್ದುದು ನನಗೆ ಇನ್ನೂ ನೆನಪಿದೆ. ಸಿಡಿಲು ಬಿದ್ದದ್ದು ಮನೆಗಲ್ಲ, ಎರಡು ಗುಡ್ಡದಾಚೆ. ಆದರೂ ಕಂಬದಿಂದ ಕಂಬಕ್ಕೆ ಹಾದುಬಂದ ತಂತಿ ಅದನ್ನು ಹಿಡಿದು ಮನೆಯೊಳಗೆ ತರುತ್ತಿತ್ತು. ಸಿಡಿಲು ತಡೆಯಲು ಹಾಕಿದ ಅರೆಸ್ಟರು, ಅರ್ಥಿಂಗು ಇ-2ಕ್ಕೂ ಆಗುತ್ತವೆ. ಚಿಂತೆ ಇರುವುದು ಅದಕ್ಕೂ ಮೊದಲೇ ಬರುವ ಇ-1 ಆ ರಕ್ಷಣೆಯನ್ನೇ ಕೆಡಿಸಿಟ್ಟಿದ್ದರೆ ಎಂಬಲ್ಲಿ.

ಮೂರನೆಯದು, ಇ-3, ಹುಟ್ಟುವ ರೀತಿಯೇ ಬೇರೆ. ಬೆಂಕಿಯುಂಡೆ ಎಂದರೆ ವಿದ್ಯುತ್ ಹರಿಯಬಲ್ಲ ಬಿಸಿ ಅನಿಲ. ಅದು ಹಿಗ್ಗುವಾಗ ಭೂಮಿಯ ಕಾಂತರೇಖೆಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಆಮೇಲೆ ಅವು ಮೆಲ್ಲಗೆ ತಮ್ಮ ಜಾಗಕ್ಕೆ ಮರಳುತ್ತವೆ. ಬಿಸಿಯಾದ ವಾತಾವರಣ ಮೇಲಕ್ಕೆ ಉಬ್ಬುವಾಗಲೂ ಹೀಗೇ ಆಗುತ್ತದೆ. ಕ್ಷೇತ್ರದ ಈ ಅಲುಗಾಟ ಸೆಕೆಂಡುಗಳಿಂದ ನಿಮಿಷಗಳವರೆಗೆ ನಡೆಯುತ್ತದೆ. ಕಾಂತಕ್ಷೇತ್ರ ಬದಲಾದಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದು ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ. ಇಲ್ಲಿ ಅದು ನೆಲದೊಳಗೇ ಹುಟ್ಟುತ್ತದೆ. ಬಲದಲ್ಲಿ ಏನೇನೂ ಅಲ್ಲ, ಕಿಲೋಮೀಟರಿಗೆ ಕೆಲವು ವೋಲ್ಟಿನಿಂದ ಹತ್ತಾರು ವೋಲ್ಟ್. ಆದರೆ ಇ-1ರಂತೆ ಮೇಲ್ಮೈಯಲ್ಲಿ ನಿಲ್ಲದೆ, ನಿಧಾನಗತಿಯದಾದ್ದರಿಂದ ಭೂಮಿಯ ಆಳಕ್ಕಿಳಿಯುತ್ತದೆ.

ಅದೆಷ್ಟು ಆಳಕ್ಕೆ ಎಂಬುದಕ್ಕೆ ಸೋವಿಯತ್ ಒಕ್ಕೂಟ ಕಂಡ ಉದಾಹರಣೆ ಇದೆ. 1962ರ ಅಕ್ಟೋಬರ್ 22ರಂದು ಕಜಕಸ್ತಾನದ ಮೇಲೆ 290 ಕಿ.ಮೀ. ಎತ್ತರದಲ್ಲಿ 300 ಕಿಲೋಟನ್ನಿನ ಬಾಂಬು ಸಿಡಿಸಿದರು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು ಕೆನಡಿ ಅಮೆರಿಕದ ಜನರಿಗೆ ಟಿ.ವಿ.ಯಲ್ಲಿ ಹೇಳಿದ್ದೂ ಅದೇ ದಿನ. ಚೀನಾದ ಸೇನೆ ನಮ್ಮ ಗಡಿ ದಾಟಿ ಎರಡೇ ದಿನವಾಗಿತ್ತು, ನಮ್ಮ ದೇಶದ ಕಿವಿ ಲಡಾಖ್ ಮತ್ತು ನೇಫಾದ (ಇಂದಿನ ಅರುಣಾಚಲ ಪ್ರದೇಶದ) ಸುದ್ದಿಯ ಮೇಲಿತ್ತು. ಸ್ಟಾರ್‌ಫಿಶ್ ಸಿಡಿದದ್ದು ಸಮುದ್ರದ ಮೇಲೆ. ಇದು ಜನ ವಾಸಿಸುವ ನೆಲದ ಮೇಲೆ. ಅಳತೆಗೆಂದು ಉಪಕರಣ ಕೂರಿಸಿದ್ದ 570 ಕಿ.ಮೀ. ಉದ್ದದ ಟೆಲಿಫೋನ್ ತಂತಿಯಲ್ಲಿ ಸಾವಿರಾರು ಆಂಪಿಯರ್ ಕರೆಂಟು ಹರಿದು ಎಲ್ಲ ಫ್ಯೂಸುಗಳೂ ಹಾರಿದವು. ಇಂದಿನ ಅಸ್ತಾನಾದಿಂದ ಅಲ್ಮಾಟಿಯವರೆಗೆ ಸಾವಿರ ಕಿ.ಮೀ. ಉದ್ದಕ್ಕೆ, ಸೀಸದ ಹೊದಿಕೆ ಹಾಕಿ, ಸುಮಾರು 90 ಸೆಂಟಿಮೀಟರ್ ಆಳದಲ್ಲಿ ಹೂತಿದ್ದ ವಿದ್ಯುತ್ ಕೇಬಲ್ ಕೆಲಸ ನಿಲ್ಲಿಸಿತು. ಕರಗಂಡಾದ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಹತ್ತಿತು. ಈ ವಿವರಗಳು ಹೊರಜಗತ್ತಿಗೆ ಸಿಕ್ಕಿದ್ದು ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ, 1990ರ ದಶಕದಲ್ಲಿ.

ಉದ್ದ ತಂತಿಯ ಲೆಕ್ಕ

ಕಿಲೋಮೀಟರಿಗೆ ಹತ್ತು ವೋಲ್ಟ್ ಎಂದರೆ ಟಾರ್ಚಿನ ಕೆಲವು ಸೆಲ್ಲುಗಳಷ್ಟು. ಇದು ಲಕ್ಷಗಟ್ಟಲೆ ವೋಲ್ಟಿನ ಲೈನನ್ನು ಏನು ಮಾಡೀತು? ಉತ್ತರ ಕಿಲೋಮೀಟರಿನಲ್ಲಿದೆ. ರಾಯಚೂರು ಮತ್ತು ಸೊಲ್ಲಾಪುರದ ನಡುವಿನ 765 ಕೆ.ವಿ. ಲೈನನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 200 ಕಿ.ಮೀ. ನೆಲದಲ್ಲಿ ಹುಟ್ಟಿದ ಕ್ಷೇತ್ರ ಲೈನಿನ ದಿಕ್ಕಿನಲ್ಲೇ ಇದ್ದು, ಕಿಲೋಮೀಟರಿಗೆ ಹತ್ತು ವೋಲ್ಟ್ ಇದ್ದರೆ ಎರಡು ತುದಿಗಳ ನಡುವೆ 2,000 ವೋಲ್ಟ್ ಆಯಿತು. ಎರಡೂ ತುದಿಯ ಟ್ರಾನ್ಸ್‌ಫಾರ್ಮರುಗಳ ನ್ಯೂಟ್ರಲ್ಲನ್ನು ನೆಲಕ್ಕೆ ಅರ್ಥ್ ಮಾಡಿರುತ್ತಾರೆ. ನೆಲ, ಅರ್ಥ್, ತಂತಿ, ಮತ್ತೆ ನೆಲ: ಸರ್ಕಿಟ್ ಪೂರ್ತಿಯಾಯಿತು. ಅಂಥ ದಪ್ಪ ತಂತಿಯ ರೋಧ ಕೆಲವೇ ಓಮ್. ಆದ್ದರಿಂದ ನೂರಾರು ಆಂಪಿಯರ್ ಹರಿಯುತ್ತದೆ, ಅದೂ ಬ್ಯಾಟರಿಯ ಕರೆಂಟಿನ ಹಾಗೆ ಒಂದೇ ದಿಕ್ಕಿಗೆ.

ಟ್ರಾನ್ಸ್‌ಫಾರ್ಮರಿಗೆ ಸಹಿಸಲಾಗದ್ದು ಇದೇ. ಅದರ ಕಬ್ಬಿಣದ ತಿರುಳಿನ ಕಾಂತತೆ ಸೆಕೆಂಡಿಗೆ ಐವತ್ತು ಸಲ ಆ ಕಡೆ ಈ ಕಡೆ ತೂಗಬೇಕು, ಎರಡು ಗೋಡೆಗಳ ನಡುವೆ ಕಟ್ಟಿದ ಜೋಕಾಲಿಯ ಹಾಗೆ. ಒಂದೇ ದಿಕ್ಕಿನ ಕರೆಂಟು ಸೇರಿದಾಗ ಜೋಕಾಲಿಯ ನಡುಬಿಂದುವೇ ಒಂದು ಗೋಡೆಯ ಕಡೆ ಸರಿಯುತ್ತದೆ. ಆಮೇಲೆ ಪ್ರತಿ ತೂಗಿನಲ್ಲೂ ಆ ಗೋಡೆಗೆ ಬಡಿತ. ಕಬ್ಬಿಣ ಇನ್ನಷ್ಟು ಕಾಂತತೆಯನ್ನು ಹಿಡಿಯಲಾರದೆ ತುಂಬಿಹೋಗುತ್ತದೆ. ಹೊರಚೆಲ್ಲಿದ ಕಾಂತಕ್ಷೇತ್ರ ಅಕ್ಕಪಕ್ಕದ ಲೋಹದ ಭಾಗಗಳನ್ನು ಕಾಯಿಸುತ್ತದೆ. ಇಡೀ ಜಾಲದಿಂದ ಟ್ರಾನ್ಸ್‌ಫಾರ್ಮರು ಎಳೆಯುವ ಕರೆಂಟಿನ ರೂಪ ವಿಕಾರವಾಗಿ, ವೋಲ್ಟೇಜು ಕುಸಿಯುತ್ತದೆ. ಬಾಂಬಿಲ್ಲದೆಯೂ ಇದು ನಡೆದಿದೆ. 1989ರ ಮಾರ್ಚ್ 13ರಂದು ಸೂರ್ಯನಿಂದ ಎದ್ದ ಕಾಂತ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಸುಮಾರು ಒಂದೂವರೆ ನಿಮಿಷದಲ್ಲಿ ಕುಸಿದು, ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಕ್ವಿಬೆಕ್ಕಿನ ಬುಡದಲ್ಲಿರುವುದು ವಿದ್ಯುತ್ತನ್ನು ಸುಲಭವಾಗಿ ಬಿಡದ ಪುರಾತನ ಗಟ್ಟಿಬಂಡೆ. ನೆಲ ಒಲ್ಲೆನ್ನುವ ಕರೆಂಟು ತಂತಿಯ ದಾರಿ ಹಿಡಿಯುತ್ತದೆ. ಕರ್ನಾಟಕದ ಬಹುಭಾಗದ ಬುಡದಲ್ಲೂ ಅಂಥದೇ ಹಳೆಯ ಗಟ್ಟಿಶಿಲೆ ಇದೆ.

ರಾಯಚೂರು–ಸೊಲ್ಲಾಪುರ ಲೈನಿಗೆ ಒಂದು ಇತಿಹಾಸವೂ ಇದೆ. 2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯದ ಜಾಲಗಳು ಒಟ್ಟಿಗೆ ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನರಿಗೆ ಕರೆಂಟು ಹೋದಾಗ ದಕ್ಷಿಣದ ನಮಗೆ ಏನೂ ಆಗಲಿಲ್ಲ. ಆಗಿನ್ನೂ ನಮ್ಮ ಜಾಲ ದೇಶದ ಉಳಿದ ಜಾಲದ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ಈ ಲೈನು ಚಾಲೂ ಆದ ಮೇಲೆ ಇಡೀ ದೇಶ ಒಂದೇ ಜಾಲವಾಯಿತು. ಬೇಸಿಗೆಯಲ್ಲಿ ಬೇರೆಡೆಯ ವಿದ್ಯುತ್ ನಮಗೆ ದಕ್ಕುವುದು ಈ ಜೋಡಣೆಯಿಂದ, ಅದು ದೊಡ್ಡ ಉಪಕಾರ. ಅದರ ಜೊತೆಗೇ ಒಂದು ಕಡೆಯ ಕುಸಿತ ಇನ್ನೊಂದು ಕಡೆಗೆ ಹರಿಯುವ ದಾರಿಯೂ ತೆರೆದಿದೆ. ಊರಿನ ಟಿ.ಸಿ. ಸುಟ್ಟರೆ ಗಾಡಿಯಲ್ಲಿ ಬೇರೊಂದು ತಂದು ಕೂರಿಸುತ್ತಾರೆ. 765 ಕೆ.ವಿ. ಕೇಂದ್ರದ ಟ್ರಾನ್ಸ್‌ಫಾರ್ಮರು ನೂರಾರು ಟನ್ ತೂಗುವ ವಸ್ತು, ಬೇಡಿಕೆ ಕೊಟ್ಟ ಮೇಲೆ ತಯಾರಾಗುವಂಥದ್ದು, ಬರಲು ತಿಂಗಳುಗಟ್ಟಲೆ ಬೇಕು.

ಹಾಗೆಂದು ಅವೆಲ್ಲ ಒಂದೇ ಏಟಿಗೆ ಸುಡುತ್ತವೆ ಎಂದಲ್ಲ. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇ-3ರಿಂದ ಹಾಳಾಗುವ ದೊಡ್ಡ ಟ್ರಾನ್ಸ್‌ಫಾರ್ಮರುಗಳು ಕೆಲವೇ ಕೆಲವು. ಆದರೆ ಹಲವು ರಾಜ್ಯಗಳಿಗೆ ಹರಡುವಂಥ ವೋಲ್ಟೇಜು ಕುಸಿತ ಸಾಧ್ಯ, ಮತ್ತು ಇ-1 ಸಬ್‌ಸ್ಟೇಷನ್ನುಗಳಲ್ಲಿ ಲೈನಿನ ದೋಷ ಗುರುತಿಸಿ ಕರೆಂಟು ಕಡಿಯುವ ಡಿಜಿಟಲ್ ರಿಲೇಗಳನ್ನು ಕೆಡಿಸಬಲ್ಲದು. ನನ್ನ ದೃಷ್ಟಿಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಈ ಎರಡನೆಯದನ್ನೇ. ಕತ್ತಲಾದ ಜಾಲವನ್ನು ಮತ್ತೆ ಎಬ್ಬಿಸುವುದಕ್ಕೆ ಕಣ್ಣು ಕಿವಿಯಾಗಿರುವ ಉಪಕರಣಗಳೇ ಅವು.

ಕಾರು, ಫೋನು, ಮರದ ಅಟ್ಟಣಿಗೆ

ಜೇಬಿನ ಫೋನಿನ ಗತಿ? ಚಾರ್ಜರಿಗೆ ಸಿಕ್ಕಿಸದೆ ಇದ್ದ ಫೋನಿಗೆ ಇ-1 ಹಿಡಿಯಲು ಇರುವ ಲೋಹದ ಉದ್ದ ಕೆಲವೇ ಸೆಂಟಿಮೀಟರ್. ಅದು ಉಳಿಯುವ ಸಂಭವವೇ ಹೆಚ್ಚು. ಮೊಬೈಲ್ ಟವರಿಗೆ ಕರೆಂಟಿಲ್ಲದಾಗ ಉಳಿದ ಫೋನಿನಿಂದ ಉಪಯೋಗವಿಲ್ಲ ಎಂಬುದು ಬೇರೆ ಮಾತು. ಕಾರುಗಳ ವಿಷಯದಲ್ಲಿ ಅಳತೆಯೇ ಇದೆ. ಅಮೆರಿಕದ ಸಂಸತ್ತು ನೇಮಿಸಿದ್ದ ಇಎಂಪಿ ಆಯೋಗ 1986ರಿಂದ 2002ರವರೆಗಿನ ಮಾದರಿಯ 37 ಕಾರುಗಳನ್ನು ಪ್ರಯೋಗಶಾಲೆಯಲ್ಲಿ ಇಂಥ ಸ್ಪಂದಕ್ಕೆ ಒಡ್ಡಿತು. ಓಡುತ್ತಿದ್ದ ಕಾರುಗಳಲ್ಲಿ ಎಂಜಿನ್ ನಿಂತದ್ದು ಮೂರರದು, ಅದೂ ಮೀಟರಿಗೆ 30,000 ವೋಲ್ಟ್ ದಾಟಿದಾಗ. ಕೀಲಿ ತಿರುಗಿಸಿದರೆ ಮೂರೂ ಮತ್ತೆ ಚಾಲೂ ಆದವು. ಇಂದಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ಸ್ ಇನ್ನೂ ಹೆಚ್ಚು, ಆದ್ದರಿಂದ ಆ ಅಂಕಿಯನ್ನು ಹಾಗೇ ಇಂದಿಗೆ ಅನ್ವಯಿಸುವಂತಿಲ್ಲ. ಆದರೂ ಹೆದ್ದಾರಿಯ ವಾಹನಗಳೆಲ್ಲ ಒಮ್ಮೆಲೇ ಕಲ್ಲಾಗಿ ನಿಲ್ಲುವ ಸಿನಿಮಾ ದೃಶ್ಯಕ್ಕೆ ಈ ಪರೀಕ್ಷೆ ಬೆಂಬಲ ಕೊಡುವುದಿಲ್ಲ.

ರಕ್ಷಣೆಯ ತತ್ವ ಹಳೆಯದು. ಫ್ಯಾರಡೆ 1836ರಲ್ಲಿ ತೋರಿಸಿದಂತೆ, ಪೂರ್ತಿ ಮುಚ್ಚಿದ ಲೋಹದ ಪೆಟ್ಟಿಗೆಯೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ಇಳಿಯದು. ಕಷ್ಟವಿರುವುದು ಆ ಪೆಟ್ಟಿಗೆಯೊಳಗೆ ಹೋಗಲೇಬೇಕಾದ ತಂತಿಗಳಲ್ಲಿ. ಒಂದೊಂದು ತೂತಿನಲ್ಲೂ ಫಿಲ್ಟರು, ಅರೆಸ್ಟರು ಕೂರಿಸಬೇಕು, ಸಾಧ್ಯವಾದ ಕಡೆ ತಾಮ್ರದ ಬದಲು ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ಹಾಕಬೇಕು.

ವಿಮಾನವನ್ನು ಹೀಗೆ ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ನ್ಯೂ ಮೆಕ್ಸಿಕೊದ ಕರ್ಟ್‌ಲ್ಯಾಂಡ್ ವಾಯುನೆಲೆಯಲ್ಲಿ 1970ರ ದಶಕದಲ್ಲಿ ದೊಡ್ಡ ಅಟ್ಟಣಿಗೆಯೊಂದನ್ನು ಕಟ್ಟಿದರು. ಹಾರುತ್ತಿರುವ ವಿಮಾನದ ಹಾಗೆ ಬಿ-52 ಬಾಂಬರನ್ನು ನೆಲದಿಂದ ಎತ್ತರದಲ್ಲಿ ನಿಲ್ಲಿಸಿ, ಪಕ್ಕದಿಂದ ಕೃತಕ ಸ್ಪಂದ ಹಾಯಿಸಬೇಕಿತ್ತು. ಅಟ್ಟಣಿಗೆಯಲ್ಲಿ ಕಬ್ಬಿಣವಿದ್ದರೆ ಅಳತೆಯೇ ಕೆಡುತ್ತದೆ. ಆದ್ದರಿಂದ ಅಷ್ಟು ಭಾರ ಹೊರುವ ಕಟ್ಟಡವನ್ನು ಮರದಲ್ಲೇ ಕಟ್ಟಿ, ಜೋಡಣೆಗೆ ಮರದ ಬೋಲ್ಟುಗಳನ್ನೇ ಬಳಸಿ, ಅಂಟಿನಿಂದ ಬಿಗಿದರು.

ರೇಡಿಯೋ ಸತ್ತ ರಾತ್ರಿ, ಉಪಗ್ರಹಗಳು ಸತ್ತ ವರ್ಷ

ತಂತಿಗೆ ತಗಲುವ ಸ್ಪಂದದ ಜೊತೆಗೆ ಇನ್ನೆರಡು ಪರಿಣಾಮಗಳಿವೆ. 1958ರ ಜುಲೈ 31ರ ರಾತ್ರಿ ಅದೇ ಜಾನ್‌ಸ್ಟನ್ ದ್ವೀಪದ ಮೇಲೆ, ಸುಮಾರು 77 ಕಿ.ಮೀ. ಎತ್ತರದಲ್ಲಿ, ಟೀಕ್ ಎಂಬ ಹೆಸರಿನ 3.8 ಮೆಗಾಟನ್ನಿನ ಬಾಂಬನ್ನು ಸಿಡಿಸಿದ್ದರು. ಮೇಲಿನ ವಾತಾವರಣದಲ್ಲಿ ಬಿಡಿಬಿಡಿಯಾದ ಎಲೆಕ್ಟ್ರಾನುಗಳು ಮೋಡದಂತೆ ಕವಿದು ಶಾರ್ಟ್‌ವೇವ್ ರೇಡಿಯೋವನ್ನು ನುಂಗಿದವು. ಪೆಸಿಫಿಕ್‌ನ ಬಹುಭಾಗದಲ್ಲಿ ಗಂಟೆಗಟ್ಟಲೆ ರೇಡಿಯೋ ಸಂಪರ್ಕ ಕಡಿದುಹೋಯಿತು. ಮತ್ತೆ ಸಂಪರ್ಕ ಸಿಕ್ಕಾಗ ದ್ವೀಪಕ್ಕೆ ಬಂದ ಮೊದಮೊದಲ ಸಂದೇಶಗಳಲ್ಲಿ ಒಂದು, ನೀವು ಇನ್ನೂ ಅಲ್ಲಿದ್ದೀರಾ ಎಂದು ಕೇಳುವಂಥದ್ದು.

ಇನ್ನೊಂದು ಪರಿಣಾಮ ತಿಂಗಳು ವರ್ಷಗಳ ಲೆಕ್ಕದ್ದು. ಸ್ಟಾರ್‌ಫಿಶ್ ಚೆಲ್ಲಿದ ಎಲೆಕ್ಟ್ರಾನುಗಳಲ್ಲಿ ಲೆಕ್ಕವಿಲ್ಲದಷ್ಟು ಕೆಳಗಿಳಿಯದೆ ಭೂಮಿಯ ಕಾಂತರೇಖೆಗಳಿಗೆ ಸಿಕ್ಕಿಕೊಂಡವು, ಉತ್ತರ ದಕ್ಷಿಣಗಳ ನಡುವೆ ತಿರುಗಿ ತಿರುಗಿ ಓಡಾಡುತ್ತ ಭೂಮಿಯ ಸುತ್ತ ಹೊಸದೊಂದು ವಿಕಿರಣ ಪಟ್ಟಿಯನ್ನೇ ಕಟ್ಟಿದವು. ಆ ಪಟ್ಟಿ ಹಾಯುವ ಉಪಗ್ರಹಗಳ ಸೌರಫಲಕಗಳು ಸವೆಯತೊಡಗಿದವು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1 ಏಪ್ರಿಲಿನಲ್ಲಷ್ಟೇ ಮೇಲೇರಿತ್ತು, ಅದಕ್ಕೂ ಪೆಟ್ಟು ಬಿತ್ತು. ಅಮೆರಿಕದ ಟ್ರಾನ್ಸಿಟ್ 4ಬಿ ಕೆಟ್ಟಿತು. ಅಟ್ಲಾಂಟಿಕ್ ಸಾಗರದಾಚೆಗೆ ಮೊದಲ ಬಾರಿ ನೇರ ಟಿ.ವಿ. ಚಿತ್ರ ಕಳಿಸಿದ ಟೆಲ್‌ಸ್ಟಾರ್ ಉಡಾವಣೆಯಾದದ್ದು ಸ್ಫೋಟದ ಮರುದಿನವೇ, ಗ್ರೀನ್‌ವಿಚ್ ಸಮಯದ ಲೆಕ್ಕದಲ್ಲಿ ಜುಲೈ 10ರಂದು (ಆ ಲೆಕ್ಕದಲ್ಲಿ ಸ್ಫೋಟ ಜುಲೈ 9ರದು). ನವೆಂಬರಿನಲ್ಲಿ ಅದು ನೆಲದ ಆಜ್ಞೆಗಳಿಗೆ ಓಗೊಡುವುದನ್ನು ನಿಲ್ಲಿಸಿತು. ಎಂಜಿನಿಯರುಗಳು ಉಪಾಯ ಹೂಡಿ ಅದನ್ನು ಮತ್ತೆ ಮಾತಾಡಿಸಿದರು. ಫೆಬ್ರವರಿಯಲ್ಲಿ ಶಾಶ್ವತವಾಗಿ ಮೌನವಾಯಿತು.

ಆಗ ಕೆಳಕಕ್ಷೆಯಲ್ಲಿದ್ದ ಉಪಗ್ರಹಗಳನ್ನು ಕುಳಿತು ಎಣಿಸಿಬಿಡಬಹುದಿತ್ತು. ಈಗ ಅಲ್ಲಿ ಸಾವಿರಾರು ಇವೆ. ಬೆಂಗಳೂರಿನ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಿಂದ ನಿಯಂತ್ರಣವಾಗುವ, ನಮ್ಮ ಬೆಳೆ, ನೀರು, ಚಂಡಮಾರುತಗಳನ್ನು ನೋಡುವ ಉಪಗ್ರಹಗಳೂ ಅವುಗಳಲ್ಲಿ ಸೇರಿವೆ. ಎಲೆಕ್ಟ್ರಾನುಗಳಿಗೆ ಶತ್ರು ಮಿತ್ರ ಎಂಬ ಭೇದ ಇಲ್ಲ, ಸಿಡಿಸಿದವರ ಉಪಗ್ರಹವೂ ಅದೇ ಪಟ್ಟಿಯೊಳಗೆ ಹಾಯಬೇಕು. 1962ರಲ್ಲಿ ಅಮೆರಿಕ ಕೆಡಿಸಿಕೊಂಡದ್ದು ಬಹುಪಾಲು ತನ್ನವೇ ಉಪಗ್ರಹಗಳನ್ನು.

ಅಣುಪರೀಕ್ಷೆ ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಹೇಳಿದ್ದು 1954ರ ಏಪ್ರಿಲ್ 2ರಂದು. ವಾತಾವರಣ, ಬಾಹ್ಯಾಕಾಶ ಮತ್ತು ನೀರಿನಡಿ ಅಣುಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟಗಳು ಮಾಸ್ಕೋದಲ್ಲಿ ಸಹಿ ಹಾಕಿದ್ದು 1963ರ ಆಗಸ್ಟ್ 5ರಂದು. ಮೂರೇ ದಿನದಲ್ಲಿ ಭಾರತವೂ ಸಹಿ ಹಾಕಿತು. ಅಕ್ಟೋಬರ್ 10ರಂದು ಒಪ್ಪಂದ ಜಾರಿಗೆ ಬಂದಾಗ ಸ್ಟಾರ್‌ಫಿಶ್ ಸಿಡಿದು ಹದಿನೈದು ತಿಂಗಳಾಗಿತ್ತು. ಅದರ ಎಲೆಕ್ಟ್ರಾನುಗಳು ಆಗಲೂ ಮೇಲೆ ಸುತ್ತುತ್ತಲೇ ಇದ್ದವು. ಅವುಗಳಲ್ಲಿ ಕೆಲವು ಐದು ವರ್ಷದವರೆಗೂ ಉಳಿದಿದ್ದವು.